ಪರಿಚಯಪತ್ರದೊಂದಿಗೆ ಕಳುಹಿಸಿದ ಚಿತ್ರ

ಬೇರೆ ಬೇರೆ ಊರುಗಳಲ್ಲಿದ್ದುಕೊಂಡು, ಒಬ್ಬರ ಮುಖವನ್ನು ಇನ್ನೊಬ್ಬರು ನೋಡದೆಯೇ, ಚಿತ್ರಗಳ ಮೂಲಕವೇ ಬೆಳೆದ ಹವ್ಯಾಸಿ ಛಾಯಾಗ್ರಾಹಕರ ಬಳಗವೊಂದನ್ನು ಸೇರಬೇಕೆಂದು ನಾನು ಬಯಸಿದಾಗ ಅವರು ಕೇಳಿದ್ದು ಎರಡೇ: ಒಂದು ಪುಟ ಮೀರದ ಪರಿಚಯ ಮತ್ತು ನಾನೇ ತೆಗೆದ ಒಂದು ಚಿತ್ರ. ಚಿತ್ರದ ಜೊತೆಗೆ ಶಟರ್ ವೇಗ (ಬೆಳಕು ಒಳಬರುವ ಅವಧಿ), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಹಾಗೂ ಲೆನ್ಸಿನ ಫೋಕಲ್ ಲೆಂತ್ (ಇದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಮೂಡುತ್ತದೆ) ಎಷ್ಟೆಂಬುದನ್ನು ಬರೆಯಬೇಕಿತ್ತು. ಕ್ರಾಪ್ ಮಾಡಿದ್ದರೆ, ಅಂದರೆ ಅಂಚನ್ನು ಕತ್ತರಿಸಿದ್ದರೆ, ಅದನ್ನೂ ತಿಳಿಸಬೇಕಿತ್ತು. ಒಂದು ಸಂಜೆಯಲ್ಲಿ ಮುಗಿಯಬಹುದೆಂದು ನಾನು ಎಣಿಸಿದ್ದ ಆ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಆಮೇಲೆ ಅದನ್ನು ಮತ್ತೊಮ್ಮೆ ಮೊದಲಿನಿಂದ ಮಾಡಬೇಕಾಯಿತು.

ಮೊದಲು ಬರೆದ ಪರಿಚಯದ ಪ್ರತಿ ಈಗಲೂ ನನ್ನ ಬಳಿ ಇದೆ. ಮೊದಲ ಸಾಲಿನಲ್ಲಿ ಹೆಸರು, ಎರಡನೆಯದರಲ್ಲಿ ಕ್ಯಾಮೆರಾದ ಮಾದರಿ, ಅನಂತರ ನನ್ನಲ್ಲಿದ್ದ ಮೂರು ಲೆನ್ಸುಗಳ ವಿವರ, ಅದಾದ ಮೇಲೆ ಪ್ರಕೃತಿ, ಪಕ್ಷಿ, ಬೀದಿ ಮತ್ತು ಮನುಷ್ಯರ ಚಿತ್ರಗಳೆಲ್ಲವೂ ನನಗೆ ಇಷ್ಟವೆಂಬ ಮಾತು, ಕೊನೆಗೆ ಎಲ್ಲರಿಂದಲೂ ಕಲಿಯಲು ಬಂದಿದ್ದೇನೆ ಎಂಬ ವಿನಯದ ವಾಕ್ಯ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಾಲ್ಕು ದಿನ ಬಿಟ್ಟು ಓದಿದಾಗ, ಅದೇ ಮಾದರಿಯ ಕ್ಯಾಮೆರಾ ಇರುವ ಯಾರ ಹೆಸರನ್ನು ಮೇಲೆ ಬರೆದರೂ ಆ ಪುಟ ಅವರಿಗೂ ಹೊಂದುತ್ತದೆ ಎಂಬುದು ಕಣ್ಣಿಗೆ ಬಿತ್ತು. ನನ್ನದೆಂದು ಹೇಳಬಹುದಾದ ಒಂದು ವಾಕ್ಯವೂ ಅಲ್ಲಿರಲಿಲ್ಲ. ಹಾಗಿದ್ದರೂ ಅದಕ್ಕಿಂತ ಬೇರೆ ಏನನ್ನು ಬರೆಯಬೇಕೆಂಬುದು ಆಗ ನನಗೆ ಹೊಳೆಯಲಿಲ್ಲ. ಪುಟವನ್ನು ಹಾಗೆಯೇ ಉಳಿಸಿಕೊಂಡು ಚಿತ್ರದ ಆಯ್ಕೆಯ ಕಡೆಗೆ ತಿರುಗಿದೆ.

ಎರಡು ವರ್ಷಗಳಲ್ಲಿ ತೆಗೆದ ಸುಮಾರು 9000 ಚಿತ್ರಗಳು ನನ್ನ ಗಣಕದಲ್ಲಿದ್ದವು. ಅವುಗಳಲ್ಲಿ ಒಂದನ್ನು ಆರಿಸುವುದೆಂದರೆ ಉಳಿದವನ್ನೆಲ್ಲ ಬಿಡುವುದು, ಮತ್ತು ಬಿಡಲು ಕಾರಣ ಬೇಕು. ಒಂದೇ ದೃಶ್ಯವನ್ನು ಹತ್ತು ಸಲ ತೆಗೆದಿದ್ದ ಕಡೆ ಒಂದನ್ನು ಉಳಿಸಿಕೊಂಡೆ. ನಾನು ಕಂಡದ್ದಕ್ಕಿಂತ ಆ ಸ್ಥಳದ ಹೆಸರೇ ದೊಡ್ಡದಾಗಿದ್ದ ಚಿತ್ರಗಳನ್ನು ಪಕ್ಕಕ್ಕಿಟ್ಟೆ. ಬಣ್ಣವನ್ನು ಬಲವಂತವಾಗಿ ಏರಿಸಿದ್ದ ಸೂರ್ಯಾಸ್ತಗಳನ್ನು ತೆಗೆದುಹಾಕಿದೆ. ಹೀಗೆ ಮೂರು ರಾತ್ರಿ ಕುಳಿತ ಮೇಲೆ ನಲವತ್ತು ಚಿತ್ರಗಳು ಉಳಿದವು. ಆ ನಲವತ್ತರಲ್ಲಿ ನನ್ನದೇ ಮುಖದ ಒಂದು ಚಿತ್ರವೂ ಇತ್ತು. ಪರಿಚಯಪತ್ರದೊಂದಿಗೆ ಹೋಗಬೇಕಾದದ್ದು ಸ್ವಂತ ಭಾವಚಿತ್ರವೇ ಅಲ್ಲವೇ ಎಂದು ಒಂದು ದಿನ ಪೂರ್ತಿ ಯೋಚಿಸಿದೆ.

ಛಾಯಾಗ್ರಹಣದ ಮೊದಲ ದಿನಗಳಲ್ಲಿಯೇ ಇಂಥ ಸ್ವಪರಿಚಯದ ಚಿತ್ರಗಳು ಹುಟ್ಟಿಕೊಂಡಿದ್ದವು. ಫಿಲಡೆಲ್ಫಿಯಾದ ರಾಬರ್ಟ್ ಕಾರ್ನೀಲಿಯಸ್ 1839ರಲ್ಲಿ ತನ್ನನ್ನೇ ತಾನು ಡಾಗೆರೋಟೈಪಿನಲ್ಲಿ, ಅಂದರೆ ಫ್ರಾನ್ಸಿನ ಡಾಗೆರ್ ರೂಪಿಸಿದ, ಬೆಳ್ಳಿ ಲೇಪಿಸಿದ ಫಲಕದ ಮೇಲೆ ಚಿತ್ರ ಮೂಡಿಸುವ ವಿಧಾನದಲ್ಲಿ, ಸೆರೆಹಿಡಿದ. ಕೂದಲು ಕೆದರಿದ, ಚೌಕಟ್ಟಿನ ನಡುವಿನಿಂದ ಒಂದಿಷ್ಟು ಸರಿದು ನಿಂತ ಆ ಯುವಕನ ಮುಖ ಇಂದಿಗೂ ಸ್ಪಷ್ಟವಾಗಿದೆ. ಅದರ ಹಿಂಬದಿಯಲ್ಲಿ ಇದು ಬೆಳಕಿನಿಂದ ತೆಗೆದ ಮೊಟ್ಟಮೊದಲ ಚಿತ್ರ ಎಂಬ ಅರ್ಥದ ಬರಹವಿದೆ. ಆದರೆ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ತನ್ನ ಮನೆಯ ಕಿಟಕಿಯಿಂದ ಕಂಡ ನೋಟವನ್ನು ಅದಕ್ಕೂ ಹತ್ತು ವರ್ಷಗಳಿಗಿಂತ ಹಿಂದೆಯೇ ಲೋಹದ ಫಲಕದ ಮೇಲೆ ಮೂಡಿಸಿದ್ದ. ಮರುವರ್ಷ, 1840ರಲ್ಲಿ, ಫ್ರಾನ್ಸಿನವನೇ ಆದ ಇಪೊಲಿತ್ ಬಯಾರ್ ನೀರಿನಲ್ಲಿ ಮುಳುಗಿ ಸತ್ತವನಂತೆ ನಟಿಸಿ ತನ್ನ ಚಿತ್ರ ತೆಗೆದುಕೊಂಡ. ಕಾಗದದ ಮೇಲೆ ನೇರವಾಗಿ ಚಿತ್ರ ಮೂಡಿಸುವ ವಿಧಾನವನ್ನು ತಾನು ಕಂಡುಹಿಡಿದಿದ್ದರೂ ಮನ್ನಣೆಯೆಲ್ಲ ಡಾಗೆರ್‌ಗೆ ಸಂದಿತೆಂಬ ಅಳಲನ್ನು ಅದರ ಹಿಂದೆ ಬರೆದ. ಈ ಎರಡೂ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ತೋರುವುದು ಇದು: ಚಿತ್ರದಲ್ಲಿರುವ ಮುಖವನ್ನು ನಾವು ಸಂದೇಹಿಸುವುದಿಲ್ಲ, ಅದರ ಹಿಂದಿನ ಬರಹವನ್ನು ಮಾತ್ರ ತೂಗಿ ನೋಡಬೇಕಾಗುತ್ತದೆ. ಕೊನೆಗೆ ನನ್ನ ಮುಖದ ಚಿತ್ರವನ್ನು ನಾನು ಕಳುಹಿಸಲಿಲ್ಲ. ಆ ಬಳಗಕ್ಕೆ ನಾನು ಹೇಗೆ ಕಾಣುತ್ತೇನೆ ಎಂಬುದಕ್ಕಿಂತ ನಾನು ಏನನ್ನು ಕಾಣುತ್ತೇನೆ ಎಂಬುದು ಬೇಕಾಗಿತ್ತು.

ಆರಿಸಿಕೊಂಡದ್ದು ಒಂದು ಹಕ್ಕಿಯ ಚಿತ್ರವನ್ನು. ಸಂಜೆಯ ಕೊನೆಯ ಬೆಳಕಿನಲ್ಲಿ ಒಣಗಿದ ಕೊಂಬೆಯ ತುದಿಯಲ್ಲಿ ಕುಳಿತ ಮಿಂಚುಳ್ಳಿ; ಹಿಂದೆ ಕಡುಹಸಿರು, ಹಕ್ಕಿಯ ಎದೆಯ ಮೇಲೆ ಬೆಚ್ಚಗಿನ ಹೊಂಬಣ್ಣ. ಆ ಚಿತ್ರವನ್ನು ಕಂಡ ಮನೆಯವರೂ ಸ್ನೇಹಿತರೂ ಮೆಚ್ಚಿದ್ದರು. ಕ್ಯಾಮೆರಾದಿಂದ ಬಂದ ಕಡತ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರದ್ದು. ಅದನ್ನು 1500 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಕೇಳಿದ ವಿವರಗಳನ್ನು ಬರೆದು, ಪರಿಚಯದ ಪುಟದೊಂದಿಗೆ ಕಳುಹಿಸಿದೆ. ವಿವರಗಳು ಹೀಗಿದ್ದವು: ಫೋಕಲ್ ಲೆಂತ್ 200 ಮಿಲಿಮೀಟರ್, ಅಪರ್ಚರ್ ಎಫ್/5.6, ಶಟರ್ ವೇಗ 1/60 ಸೆಕೆಂಡ್, ಐಎಸ್‌ಒ 200, ಟ್ರೈಪಾಡ್ ಇಲ್ಲ.

ಮರುದಿನ ಬಂದ ಮೊದಲ ಉತ್ತರದಲ್ಲಿ ಸ್ವಾಗತದ ಒಂದು ಸಾಲಿತ್ತು. ಅದರ ಕೆಳಗೆ, ಬಣ್ಣಗಳು ಇಷ್ಟು ಸಪ್ಪೆಯಾಗಿರುವುದು ನಿಮ್ಮ ಉದ್ದೇಶವೇ ಎಂಬ ಪ್ರಶ್ನೆಯಿತ್ತು. ನನ್ನ ಪರದೆಯ ಮೇಲೆ ಹೊಂಬಣ್ಣದಲ್ಲಿ ಹೊಳೆಯುತ್ತಿದ್ದ ಹಕ್ಕಿ ಅವರಿಗೆ ಸಪ್ಪೆಯಾಗಿ ಏಕೆ ಕಂಡಿತೆಂದು ಹುಡುಕುತ್ತಾ ಹೋದಾಗ, ಕ್ಯಾಮೆರಾದಲ್ಲಿ ನಾನು ಎಂದೋ ಅಡೋಬಿ ಆರ್‌ಜಿಬಿ ಎಂಬ ವರ್ಣವ್ಯಾಪ್ತಿಯನ್ನು ಆರಿಸಿಟ್ಟಿದ್ದದ್ದು ತಿಳಿಯಿತು. ಅದು ಪರದೆಗಳಲ್ಲಿ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಎಂಬ ವರ್ಣವ್ಯಾಪ್ತಿಗಿಂತ ವಿಶಾಲವಾದದ್ದು, ಮುದ್ರಣಕ್ಕೆ ಉಪಯುಕ್ತವಾದದ್ದು. ಆದರೆ ಚಿತ್ರವನ್ನು ಚಿಕ್ಕದಾಗಿಸುವಾಗ ಅದರೊಳಗಿನ ವರ್ಣವಿವರ ಅಳಿಸಿಹೋದರೆ, ನೋಡುವ ಯಂತ್ರ ಅದನ್ನು ಎಸ್‌ಆರ್‌ಜಿಬಿ ಎಂದೇ ಭಾವಿಸಿ ಓದುತ್ತದೆ, ಆಗ ಬಣ್ಣಗಳು ಕಳೆಗುಂದುತ್ತವೆ. ಈ ತಪ್ಪು ಹತ್ತು ನಿಮಿಷದಲ್ಲಿ ಸರಿಹೋಯಿತು. ಅಂದಿನಿಂದ ಕಳುಹಿಸುವ ಪ್ರತಿಯೊಂದು ಚಿತ್ರವನ್ನೂ ಎಸ್‌ಆರ್‌ಜಿಬಿಗೆ ಬದಲಿಸಿ, ಇನ್ನೊಂದು ಪರದೆಯಲ್ಲಿ ತೆರೆದು ನೋಡಿಯೇ ಕಳುಹಿಸುತ್ತೇನೆ.

ಎರಡನೆಯ ಉತ್ತರ ಬರೆದವರು ಬಳಗದ ಹಿರಿಯ ಸದಸ್ಯೆಯೊಬ್ಬರು. ಅವರು ಚಿತ್ರವನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. "ಸಾಧ್ಯವಾದರೆ ಮೂಲ ಗಾತ್ರದ ಚಿತ್ರವನ್ನು ಕಳುಹಿಸಿ. ಹಕ್ಕಿಯ ಕಣ್ಣಿನ ಸುತ್ತಲಿನ ಗರಿಗಳನ್ನು ನೋಡಬೇಕು. ನೀವು ಬರೆದ ಶಟರ್ ವೇಗವನ್ನು ನೋಡಿ ಒಂದು ಅನುಮಾನ ಬಂದಿದೆ. ಇನ್ನೊಂದು ಮಾತು, ಈ ಹಕ್ಕಿಯ ಮುಂದೆ ನೀವು ಎಷ್ಟು ಹೊತ್ತು ನಿಂತಿದ್ದಿರಿ?" ಎಂದಷ್ಟೇ ಬರೆದಿದ್ದರು.

ಮೂಲ ಚಿತ್ರವನ್ನು ಪೂರ್ಣ ಗಾತ್ರದಲ್ಲಿ ತೆರೆದು ಹಕ್ಕಿಯ ತಲೆಯನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ. ನೋಡಿದಾಗ ಕಣ್ಣಿನಲ್ಲಿ ಹೊಳೆಯಬೇಕಾದ ಬೆಳಕಿನ ಚುಕ್ಕೆ ಒಂದು ಚಿಕ್ಕ ಗೆರೆಯಾಗಿತ್ತು. ಗರಿಗಳ ಅಂಚು, ಕೊಂಬೆಯ ಸಿಪ್ಪೆ, ಪಕ್ಕದ ಒಣ ಎಲೆ, ಎಲ್ಲವೂ ಒಂದೇ ದಿಕ್ಕಿನಲ್ಲಿ ಐದಾರು ಪಿಕ್ಸೆಲ್‌ಗಳಷ್ಟು ಎಳೆದುಹೋಗಿದ್ದವು. ಚಿತ್ರವನ್ನು 1500 ಪಿಕ್ಸೆಲ್‌ಗೆ ಇಳಿಸಿದಾಗ ಮೂಲದ ಹದಿನಾರು ಪಿಕ್ಸೆಲ್‌ಗಳು ಸೇರಿ ಒಂದಾಗುತ್ತವೆ, ಉದ್ದದಲ್ಲಿ ನಾಲ್ಕಕ್ಕೆ ಒಂದು. ಆದ್ದರಿಂದ ಐದಾರು ಪಿಕ್ಸೆಲ್‌ಗಳ ಮಸುಕು ಒಂದೂವರೆ ಪಿಕ್ಸೆಲ್‌ಗೆ ಕುಗ್ಗಿ ಕಣ್ಮರೆಯಾಗಿತ್ತು. ಎರಡು ವರ್ಷ ಚಿಕ್ಕ ಪರದೆಗಳಲ್ಲಿಯೇ ನನ್ನ ಚಿತ್ರಗಳನ್ನು ನೋಡಿ ತೃಪ್ತಿಪಟ್ಟಿದ್ದೆನೆಂಬುದು ಆ ಕ್ಷಣದಲ್ಲಿ ಅರಿವಾಯಿತು.

ನನಗೆ ನೋವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಎರಡು ದಿನ ಯಾರಿಗೂ ಉತ್ತರ ಬರೆಯಲಿಲ್ಲ. ಮೂರನೆಯ ದಿನ ಮೂಲ ಕಡತವನ್ನು ಕಳುಹಿಸಿ, ನನಗೂ ಈಗ ಕಾಣುತ್ತಿದೆ ಎಂದು ಬರೆದೆ. ಅವರ ಮರುಮಾತು ದೀರ್ಘವಾಗಿತ್ತು, ಮತ್ತು ಅದರಿಂದ ನಾನು ಕಲಿತದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಹೊಸಬರ ಚಿತ್ರಗಳಲ್ಲಿ ನಾನು ಈಗ ಅತಿ ಹೆಚ್ಚು ಕಾಣುವುದು ಇದೇ ದೋಷವನ್ನು.

ಮಸುಕಿನಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ, ಮೂರಕ್ಕೂ ಮದ್ದು ಬೇರೆ ಬೇರೆ. ಚೌಕಟ್ಟಿನಲ್ಲಿರುವ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅದು ಕೈ ಅಲುಗಿದ್ದರಿಂದ ಆದದ್ದು. ನಿಶ್ಚಲವಾದ ವಸ್ತುಗಳು ಸ್ಪಷ್ಟವಾಗಿದ್ದು ಹಕ್ಕಿ ಅಥವಾ ಮನುಷ್ಯ ಮಾತ್ರ ಮಸುಕಾಗಿದ್ದರೆ ಅದು ಅವರು ಚಲಿಸಿದ್ದರಿಂದ ಆದದ್ದು. ನಮಗೆ ಬೇಕಾದದ್ದು ಮಸುಕಾಗಿದ್ದು ಅದರ ಮುಂದಿನದೋ ಹಿಂದಿನದೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ನನ್ನ ಚಿತ್ರ ಮೊದಲನೆಯ ಗುಂಪಿನದು. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ ಕನಿಷ್ಠಪಕ್ಷ ಫೋಕಲ್ ಲೆಂತಿನಷ್ಟಾದರೂ ಇರಬೇಕೆಂಬ ಹಳೆಯ ಲೆಕ್ಕವೊಂದಿದೆ: 50 ಮಿಲಿಮೀಟರ್ ಲೆನ್ಸಿಗೆ 1/50, 200ಕ್ಕೆ 1/200. ಅದು 35 ಮಿಲಿಮೀಟರ್ ಫಿಲ್ಮಿನ ಕಾಲದ ಲೆಕ್ಕ. ನನ್ನ ಕ್ಯಾಮೆರಾದಲ್ಲಿ ಬೆಳಕನ್ನು ಹಿಡಿಯುವ ಸೆನ್ಸರ್ ಆ ಫಿಲ್ಮಿಗಿಂತ ಚಿಕ್ಕದಾದ್ದರಿಂದ ಆ ವೇಗವನ್ನು ಒಂದೂವರೆ ಪಟ್ಟು ಮಾಡಬೇಕು, ಅಂದರೆ 200 ಮಿಲಿಮೀಟರ್ ಲೆನ್ಸಿಗೆ 1/300 ಸೆಕೆಂಡ್ ಬೇಕಿತ್ತು. ನಾನು ತೆಗೆದದ್ದು 1/60ರಲ್ಲಿ. ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ಕಾಳುಕಾಳಾದ ನಾಯ್ಸ್ ಬರುತ್ತದೆಂದು ಎಲ್ಲೋ ಓದಿ ಹೆದರಿ, ಸಂಜೆಯ ಬೆಳಕಿನಲ್ಲಿಯೂ 200ಕ್ಕೇ ಅಂಟಿಕೊಂಡಿದ್ದೆ. ಅದನ್ನು 1600ಕ್ಕೆ ಏರಿಸಿದ್ದರೆ, 200ರಿಂದ 400, 400ರಿಂದ 800, 800ರಿಂದ 1600 ಹೀಗೆ ಮೂರು ಮೆಟ್ಟಿಲು ಬೆಳಕು ದಕ್ಕಿ, ಶಟರ್ ವೇಗ 1/500ಕ್ಕೆ ಮುಟ್ಟುತ್ತಿತ್ತು. ನಾಯ್ಸನ್ನು ಅನಂತರ ತಕ್ಕಮಟ್ಟಿಗೆ ತಗ್ಗಿಸಬಹುದು. ಎಳೆದುಹೋದ ಗರಿಯನ್ನು ಮರಳಿ ಜೋಡಿಸುವುದು ಅಷ್ಟು ಸುಲಭವಲ್ಲ.

ಅವರ ಮಾತನ್ನು ಹಾಗೆಯೇ ಒಪ್ಪಿಕೊಳ್ಳದೆ ಸ್ವತಃ ಪರೀಕ್ಷಿಸಿ ನೋಡಿದೆ. ಗೋಡೆಗೆ ಮುದ್ರಿತ ಪುಟವೊಂದನ್ನು ಅಂಟಿಸಿ, ಅದೇ ಲೆನ್ಸಿನಿಂದ, ನಿಂತುಕೊಂಡು, 1/60, 1/125, 1/250 ಮತ್ತು 1/500ರಲ್ಲಿ ತಲಾ ಹತ್ತು ಚಿತ್ರಗಳನ್ನು ತೆಗೆದೆ. 1/60ರ ಹತ್ತರಲ್ಲಿ ಒಂದರಲ್ಲಿ ಮಾತ್ರ ಅಕ್ಷರಗಳನ್ನು ಓದಲು ಬಂತು, 1/250ರಲ್ಲಿ ಏಳು, 1/500ರಲ್ಲಿ ಹತ್ತೂ. ಮೊಣಕೈಗಳನ್ನು ಎದೆಗೆ ಒತ್ತಿಕೊಂಡು, ಅರ್ಧ ಉಸಿರು ಬಿಟ್ಟು ತಡೆದು, ಗುಂಡಿಯನ್ನು ಮೆಲ್ಲಗೆ ಒತ್ತಿದಾಗ 1/125ರ ಫಲಿತಾಂಶವೂ ಉತ್ತಮಗೊಂಡಿತು. ಈ ನಲವತ್ತು ಚಿತ್ರಗಳ ವಿವರವನ್ನು ಕಳುಹಿಸಿದಾಗ ಆ ಹಿರಿಯರು, ನಿಮ್ಮ ಪರಿಚಯ ನನಗೆ ಈಗ ಆಯಿತು ಎಂದು ಬರೆದರು.

ಆ ವಾಕ್ಯದ ಮೇಲೆ ನಾನು ಬಹಳ ಹೊತ್ತು ಮನಸ್ಸು ನಿಲ್ಲಿಸಿದೆ. ನಾನು ಬರೆದಿದ್ದ ಪುಟದಿಂದ ಆಗದ ಪರಿಚಯ, ಗೋಡೆಯ ಮೇಲಿನ ಕಾಗದದ ನಲವತ್ತು ಚಿತ್ರಗಳಿಂದ ಆಗಿತ್ತು. ಅವರು ಕೇಳಿದ್ದ ಇನ್ನೊಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಹಕ್ಕಿಯ ಮುಂದೆ ನಾನು ನಿಂತಿದ್ದು ಎಷ್ಟು ಹೊತ್ತು? ನಿಜವಾಗಿ ಒಂದು ನಿಮಿಷವೂ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದಾಗ ಕಂಡಿತು, ನಾಲ್ಕು ಸಲ ಗುಂಡಿ ಒತ್ತಿದೆ, ಅದು ಹಾರಿಹೋಯಿತು. ಆ ಹಕ್ಕಿ ಅಲ್ಲಿ ಏನನ್ನು ಕಾಯುತ್ತಿತ್ತು, ಮತ್ತೆ ಅದೇ ಕೊಂಬೆಗೆ ಮರಳಿತೇ ಎಂಬುದನ್ನು ನಾನು ಗಮನಿಸಿರಲಿಲ್ಲ. ಚಿತ್ರ ಅದೃಷ್ಟದಿಂದ ಸಿಕ್ಕಿತ್ತು. ಅದನ್ನು ನನ್ನ ಆಸಕ್ತಿಯ ಗುರುತಾಗಿ ಮುಂದಿಟ್ಟಿದ್ದೆ. ಈ ಸಂಗತಿಯನ್ನು ಅವರಿಗೆ ತಿಳಿಸಿ, ಪರಿಚಯವನ್ನೂ ಚಿತ್ರವನ್ನೂ ಹಿಂದಕ್ಕೆ ಪಡೆದು ಹೊಸದಾಗಿ ಕಳುಹಿಸಲು ಅನುಮತಿ ಕೇಳಿದೆ. ಯಾರೂ ಬೇಡವೆನ್ನಲಿಲ್ಲ.

ಎರಡನೆಯ ಸಲ ಗಣಕದೊಳಗೆ ಹುಡುಕಲು ಹೋಗಲಿಲ್ಲ. ನಾನು ದಿನವೂ ನೋಡುವ, ನೋಡಿ ದಣಿಯದ ವಸ್ತು ಯಾವುದೆಂದು ಕೇಳಿಕೊಂಡೆ. ನಮ್ಮ ಮನೆಯಲ್ಲಿ ಅಮ್ಮ ಮಧ್ಯಾಹ್ನದ ಹೊತ್ತು ಕಿಟಕಿಯ ಪಕ್ಕ ಕುಳಿತು ಬಟ್ಟೆ ಹೊಲಿಯುತ್ತಾರೆ. ಸೂಜಿಗೆ ದಾರ ಪೋಣಿಸುವ ಮುನ್ನ ಅದನ್ನು ಬೆಳಕಿಗೆ ಎತ್ತಿಹಿಡಿದು, ಕಣ್ಣು ಕಿರಿದಾಗಿಸಿ, ಉಸಿರು ಬಿಗಿಹಿಡಿಯುತ್ತಾರೆ. ಆ ಒಂದು ಕ್ಷಣವನ್ನು ನಾನು ಎಷ್ಟೋ ವರ್ಷಗಳಿಂದ ನೋಡಿದ್ದೇನೆ. ಕ್ಯಾಮೆರಾ ಬಂದ ಮೇಲೂ ಅದನ್ನು ತೆಗೆಯಬೇಕೆಂದು ಹೊಳೆದಿರಲಿಲ್ಲ.

ಅದನ್ನು ತೆಗೆಯಲು ಆರು ಮಧ್ಯಾಹ್ನಗಳು ಬೇಕಾದವು. ಮೊದಲನೆಯ ದಿನ ಬಿಳಿಯ ಬಟ್ಟೆ ಬೂದು ಬಣ್ಣಕ್ಕೆ ತಿರುಗಿ, ಕೈಗಳು ಕಪ್ಪಾಗಿ ಬಂದವು. ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ತನ್ನ ಮುಂದಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದೆಂದು ಭಾವಿಸಿ ಅಳೆಯುತ್ತದೆ. ಛಾಯಾಗ್ರಾಹಕರು ಬಳಸುವ ಬೂದು ಕಾರ್ಡು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 18ರಷ್ಟನ್ನು ಹಿಂತಿರುಗಿಸುವಂಥದ್ದು, ಅದೇ ಈ ನಡುಬೂದು. ಚೌಕಟ್ಟಿನ ಮುಕ್ಕಾಲು ಭಾಗ ಬಿಳಿಯ ಬಟ್ಟೆಯೇ ಇದ್ದಾಗ ಮೀಟರ್ ಅದನ್ನೂ ಬೂದಾಗಿಸಲು ಬೆಳಕನ್ನು ತಗ್ಗಿಸುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಒಂದು ಮೆಟ್ಟಿಲಿಗಿಂತ ಸ್ವಲ್ಪ ಹೆಚ್ಚಾಗಿ ಏರಿಸಿದಾಗ ಬಟ್ಟೆ ಬಿಳಿಯಾಯಿತು, ಬೆರಳುಗಳ ಸುಕ್ಕು ಕಾಣಿಸಿತು. ಏರಿಕೆ ಮಿತಿ ಮೀರಿದರೆ ನೇಯ್ಗೆಯ ಎಳೆಗಳೇ ಅಳಿಸಿಹೋಗುತ್ತವಾದ್ದರಿಂದ, ಚಿತ್ರದ ಕತ್ತಲೆ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯಲ್ಲಿ ಅತಿ ಬೆಳಕಿನ ಬಲತುದಿಯನ್ನು ಪ್ರತಿ ಸಲವೂ ನೋಡಿಕೊಳ್ಳುತ್ತಿದ್ದೆ. ಆ ವಾರದಿಂದಲೇ, ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೆಯೇ ಉಳಿಸುವ ರಾ ಕಡತದಲ್ಲಿ ತೆಗೆಯಲು ಪ್ರಾರಂಭಿಸಿದೆ: ಮಾಮೂಲಿ ಜೆಪೆಗ್ ಕಡತ ಪ್ರತಿ ಬಣ್ಣಕ್ಕೆ 256 ಹಂತಗಳನ್ನಷ್ಟೇ ಇಟ್ಟುಕೊಂಡರೆ, 14 ಬಿಟ್‌ನ ರಾ ಕಡತ 16384 ಹಂತಗಳನ್ನು ಇಟ್ಟುಕೊಳ್ಳುತ್ತದೆ, ನೆರಳಿನೊಳಗೆ ಅಡಗಿದ್ದನ್ನು ಅನಂತರ ಹೊರತೆಗೆಯಲು ಆಸ್ಪದವಿರುತ್ತದೆ.

ಮುಂದಿನ ತೊಡಕು ಫೋಕಸಿನದು. 50 ಮಿಲಿಮೀಟರ್ ಲೆನ್ಸಿನಿಂದ, ಸುಮಾರು 70 ಸೆಂಟಿಮೀಟರ್ ದೂರದಲ್ಲಿ, ಎಫ್/2.8ರಲ್ಲಿ ಸ್ಪಷ್ಟವಾಗಿ ಮೂಡುವ ಆಳ ಎರಡು ಸೆಂಟಿಮೀಟರಿನ ಆಸುಪಾಸು ಮಾತ್ರ. ಸೂಜಿಯ ಕಣ್ಣು ಸ್ಪಷ್ಟವಾದರೆ ಹಿಂದಿನ ಹೆಬ್ಬೆರಳು ಕರಗಿಹೋಗುತ್ತಿತ್ತು, ಹೆಬ್ಬೆರಳು ಸ್ಪಷ್ಟವಾದರೆ ದಾರದ ತುದಿ ಕಾಣುತ್ತಿರಲಿಲ್ಲ. ಲೆನ್ಸಿನ ಕಿಂಡಿಯನ್ನು ಕಿರಿದಾಗಿಸಿ ಎಫ್/4ಕ್ಕೆ ಬಂದೆ, ಆಳ ಮೂರು ಸೆಂಟಿಮೀಟರಿನಷ್ಟಾಯಿತು. ಬೆಳಕು ಅರ್ಧಕ್ಕೆ ಇಳಿದದ್ದನ್ನು ಐಎಸ್‌ಒ 800ರಿಂದ 1600ಕ್ಕೆ ಏರಿಸಿ ತುಂಬಿಕೊಂಡೆ, ಶಟರ್ ವೇಗವನ್ನು 1/125ರಲ್ಲೇ ಉಳಿಸಿದೆ. ಐದನೆಯ ದಿನ ಮೋಡ ಕವಿದು ಬೆಳಕು ಮೃದುವಾಗಿತ್ತು, ಆದರೆ ಅಂದು ಅಮ್ಮ ಹೊಲಿಯಲು ಕೂರಲಿಲ್ಲ. ಕೂರಿಸಿ ತೆಗೆಯುವುದು ನನಗೆ ಬೇಕಿರಲಿಲ್ಲ. ಆರನೆಯ ದಿನ ಸಿಕ್ಕಿತು. ಸೂಜಿಯ ಕಣ್ಣು, ಅದರ ಕಡೆಗೆ ಸಾಗುತ್ತಿರುವ ದಾರದ ತುದಿ, ಹೆಬ್ಬೆರಳ ಉಗುರು, ಮೂರೂ ಒಂದೇ ಆಳದಲ್ಲಿದ್ದವು.

ಕಳುಹಿಸುವ ಮುನ್ನ ಅಮ್ಮನಿಗೆ ತೋರಿಸಿ ಕೇಳಿದೆ. "ನನ್ನ ಕೈಯನ್ನು ಯಾರು ನೋಡುತ್ತಾರೆ? ಬೇಕಾದರೆ ಕಳಿಸು. ಮುಖ ಮಾತ್ರ ಬೇಡ" ಎಂದರು. ಚಿತ್ರದ ಎಡ ಅಂಚಿನಲ್ಲಿ ಮುಖದ ಒಂದು ತುಣುಕು ಮಸುಕಾಗಿ ಬಂದಿತ್ತು. ಅವರ ಮಾತಿನಂತೆ ಅದನ್ನು ಕ್ರಾಪ್ ಮಾಡಿದೆ, ಕ್ರಾಪ್ ಮಾಡಿದ್ದನ್ನು ಬರೆದೆ. ಮನೆಯವರ ಚಿತ್ರವೆಂದ ಮಾತ್ರಕ್ಕೆ ಅನುಮತಿ ಕೇಳಬೇಕಿಲ್ಲವೆಂದು ಭಾವಿಸುವವರು ಬಹಳ ಮಂದಿ ಇದ್ದಾರೆ, ನಾನು ಹಾಗೆ ಭಾವಿಸುವುದಿಲ್ಲ. ಅದೇ ಹೊತ್ತಿನಲ್ಲಿ ಕಡತದೊಳಗೆ ಅಡಗಿರುವ ಮಾಹಿತಿಯನ್ನೂ ಪರಿಶೀಲಿಸಿದೆ. ಎಕ್ಸಿಫ್ ಎಂಬ ಈ ದಾಖಲೆಯ ಕ್ರಮ 1995ರಲ್ಲಿ ಜಪಾನಿನಲ್ಲಿ ರೂಪುಗೊಂಡದ್ದು. ಶಟರ್, ಅಪರ್ಚರ್, ದಿನಾಂಕ, ಕ್ಯಾಮೆರಾದ ಮಾದರಿಗಳ ಜೊತೆಗೆ, ಉಪಕರಣದಲ್ಲಿ ಜಿಪಿಎಸ್ ಇದ್ದರೆ ಚಿತ್ರ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳನ್ನೂ ಅದು ಹೊತ್ತೊಯ್ಯಬಲ್ಲದು. ಮೊಬೈಲಿನಿಂದ ಮನೆಯೊಳಗೆ ತೆಗೆದ ಚಿತ್ರವನ್ನು ಅಪರಿಚಿತರಿಗೆ ಕಳುಹಿಸುವ ಹೊಸಬರು ಇದನ್ನು ತಪ್ಪದೆ ನೋಡಿಕೊಳ್ಳಬೇಕು. ಕಲಿಕೆಗೆ ಬೇಕಾದ ವಿವರಗಳನ್ನು ಉಳಿಸಿ ಸ್ಥಳದ ವಿವರವನ್ನಷ್ಟೇ ಅಳಿಸಲು ಬರುತ್ತದೆ.

ಪರಿಚಯದ ಪುಟ ಈ ಸಲ ಅರ್ಧ ಗಂಟೆಯಲ್ಲಿ ಮುಗಿಯಿತು. ಕ್ಯಾಮೆರಾದ ಹೆಸರು ಚಿತ್ರದ ವಿವರಗಳಲ್ಲಿ ಹೇಗೂ ಇದ್ದುದರಿಂದ ಅದನ್ನು ಪುಟದಲ್ಲಿ ಬರೆಯಲಿಲ್ಲ. ನಾನು ಬರೆದದ್ದರ ನಡುವಿನ ಭಾಗ ಹೀಗಿತ್ತು: "ಕೈಗಳು ಕೆಲಸ ಮಾಡುವುದನ್ನು ನೋಡುವುದೆಂದರೆ ನನಗೆ ಪ್ರೀತಿ. ಕಿಟಕಿಯ ಬೆಳಕನ್ನು ಅಳೆಯಲು ಈಗಷ್ಟೇ ಕಲಿತಿದ್ದೇನೆ. ಹತ್ತಿರದಿಂದ ತೆಗೆಯುವಾಗ ಫೋಕಸ್ ಎಲ್ಲಿಡಬೇಕೆಂಬುದು ಇನ್ನೂ ಕೈಗೆ ಹತ್ತಿಲ್ಲ, ಹತ್ತರಲ್ಲಿ ಎಂಟು ತಪ್ಪುತ್ತವೆ. ಅಪರಿಚಿತರ ಚಿತ್ರ ತೆಗೆಯಲು ನನಗೆ ಸಂಕೋಚವಿದೆ; ಅದನ್ನು ದಾಟಿದವರು ಹೇಗೆ ದಾಟಿದರೆಂದು ತಿಳಿಯಬೇಕಾಗಿದೆ."

ಇದಕ್ಕೆ ಬಂದ ಉತ್ತರಗಳ ಸ್ವರೂಪವೇ ಬೇರೆಯಾಗಿತ್ತು. ಸ್ವಾಗತದ ಮಾತುಗಳು ಕಡಿಮೆಯಾಗಿದ್ದವು, ಕೆಲಸದ ಮಾತುಗಳು ಹೆಚ್ಚಾಗಿದ್ದವು. ಒಬ್ಬರು ಫೋಕಸಿನ ಬಿಂದುವನ್ನು ನಡುವಿನಿಂದ ಸರಿಸಿ ನೇರವಾಗಿ ಸೂಜಿಯ ಮೇಲಿಡುವ ಕ್ರಮವನ್ನು ವಿವರಿಸಿದರು. ಫೋಕಸ್ ಹಿಡಿದ ಮೇಲೆ ಚೌಕಟ್ಟನ್ನು ಬದಲಿಸಲು ಕ್ಯಾಮೆರಾವನ್ನು ತಿರುಗಿಸಿದರೆ, ಇಷ್ಟು ಕಡಿಮೆ ಆಳದಲ್ಲಿ ಆ ಚಿಕ್ಕ ತಿರುಗುವಿಕೆಯೇ ಫೋಕಸ್ ತಪ್ಪಿಸಲು ಸಾಕೆಂದು ತೋರಿಸಿಕೊಟ್ಟರು. ಚಮ್ಮಾರರ, ಗಡಿಯಾರ ರಿಪೇರಿಯವರ ಕೈಗಳನ್ನು ತೆಗೆಯುವ ಇನ್ನೊಬ್ಬರು, ಮೊದಲ ಭೇಟಿಯಲ್ಲಿ ಕ್ಯಾಮೆರಾವನ್ನು ಚೀಲದಿಂದ ತೆಗೆಯುವುದೇ ಇಲ್ಲವೆಂದೂ, ಎರಡನೆಯ ಭೇಟಿಯಲ್ಲಿ ಕೇಳಿ ತೆಗೆದು ಮೂರನೆಯ ಭೇಟಿಯಲ್ಲಿ ಮುದ್ರಿಸಿದ ಪ್ರತಿಯನ್ನು ಅವರ ಕೈಗೆ ಕೊಡುವುದಾಗಿಯೂ ಬರೆದರು. ಆ ಪದ್ಧತಿಯನ್ನೇ ನಾನು ಇಂದಿಗೂ ಅನುಸರಿಸುತ್ತಿದ್ದೇನೆ.

ದೂರದಲ್ಲಿರುವ ಹವ್ಯಾಸಿಗಳು ಚಿತ್ರಗಳ ಮೂಲಕವೇ ಸಂಬಂಧ ಬೆಳೆಸುವುದು ಅಂತರಜಾಲದೊಂದಿಗೆ ಹುಟ್ಟಿದ್ದಲ್ಲ. ಲಂಡನ್ನಿನಲ್ಲಿ 1853ರಲ್ಲಿ ಸ್ಥಾಪನೆಯಾಗಿ ಮುಂದೆ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಎನಿಸಿದ ಸಂಘಕ್ಕೆ ಸಭೆ ಸೇರಲು ಜಾಗವಿತ್ತು. ಆದರೆ ಅಮೆರಿಕದಲ್ಲಿ 1861ರಲ್ಲಿ ಕೆಲವು ಹವ್ಯಾಸಿಗಳು ಸೇರಿ ಕಟ್ಟಿದ ವಿನಿಮಯ ಕ್ಲಬ್ಬಿನ ಸದಸ್ಯರು ತಾವು ಮುದ್ರಿಸಿದ ಚಿತ್ರಗಳನ್ನು ಅಂಚೆಯಲ್ಲಿ ಪರಸ್ಪರ ಕಳುಹಿಸಿಕೊಳ್ಳುತ್ತಿದ್ದರು. ಅನಂತರದ ಕಾಲದಲ್ಲಿ, ಸದಸ್ಯರೆಲ್ಲರ ಚಿತ್ರಗಳಿದ್ದ ಪೆಟ್ಟಿಗೆಯೊಂದು ಮನೆಯಿಂದ ಮನೆಗೆ ಅಂಚೆಯಲ್ಲಿ ಸಂಚರಿಸುವ, ಪ್ರತಿಯೊಬ್ಬರೂ ಉಳಿದವರ ಚಿತ್ರಗಳ ಬಗ್ಗೆ ಅಭಿಪ್ರಾಯ ಬರೆದಿಟ್ಟು ಮುಂದಕ್ಕೆ ಕಳುಹಿಸುವ ಬಳಗಗಳೂ ಬೆಳೆದವು. ಇದನ್ನು ತಿಳಿದ ಮೇಲೆ ನಮ್ಮ ಬಳಗದ ನಿಯಮಗಳ ಬಗ್ಗೆ ನನ್ನ ಗೌರವ ಹೆಚ್ಚಾಯಿತು. ಪೆಟ್ಟಿಗೆ ಕೈಗೆ ಬಂದಾಗ ಅದನ್ನು ನಿಧಾನವಾಗಿ ತೆರೆದು, ಪ್ರತಿಯೊಂದು ಮುದ್ರಣವನ್ನೂ ಬೆಳಕಿಗೆ ಹಿಡಿದು ನೋಡಿ ಬರೆಯಬೇಕಿತ್ತು. ಅಂಥ ವ್ಯವಧಾನವನ್ನು ಪರದೆಯ ಮುಂದೆಯೂ ಉಳಿಸಿಕೊಳ್ಳಬಹುದೆಂಬುದು ಆ ಹಿರಿಯ ಸದಸ್ಯೆಯ ಪತ್ರಗಳಿಂದ ನನಗೆ ಮನವರಿಕೆಯಾಗಿತ್ತು.

ಒಂದು ವರ್ಷ ಕಳೆದ ಮೇಲೆ, ಹೊಸಬರ ಪರಿಚಯಗಳನ್ನು ಓದಿ ಮೊದಲ ಉತ್ತರ ಬರೆಯುವ ಮೂವರಲ್ಲಿ ಒಬ್ಬರಾಗುವಂತೆ ನನ್ನನ್ನು ಕೇಳಿದರು. ಇದುವರೆಗೆ ನೂರಕ್ಕೂ ಹೆಚ್ಚು ಪರಿಚಯಗಳನ್ನು ಓದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ನನ್ನ ಮೊದಲ ಪುಟದಂತೆಯೇ ಇರುತ್ತವೆ. ಅವನ್ನು ಓದುವಾಗ ಬರೆದವರ ಮೇಲೆ ನನಗೆ ಪ್ರೀತಿಯೇ ಹುಟ್ಟುತ್ತದೆ, ಏಕೆಂದರೆ ಆ ಸಾಲುಗಳ ಹಿಂದೆ ಎಷ್ಟು ಹಿಂಜರಿಕೆ ಇರುತ್ತದೆಂದು ನಾನು ಬಲ್ಲೆ. ಉಪಕರಣದ ಪಟ್ಟಿಯ ಹಿಂದೆ ಇರುವುದು ಬಹುಮಟ್ಟಿಗೆ ಒಂದೇ ಭಯ, ನಾನು ಇವರ ನಡುವೆ ಸಲ್ಲುತ್ತೇನೆಯೇ ಎಂಬುದು. ಆದ್ದರಿಂದ ಪುಟವನ್ನು ತಿದ್ದಲು ಹೋಗುವುದಿಲ್ಲ. ಚಿತ್ರವನ್ನು ಪೂರ್ಣ ಗಾತ್ರದಲ್ಲಿ ತೆರೆದು, ಕನಿಷ್ಠ ಹತ್ತು ನಿಮಿಷ ನೋಡಿ, ಆ ಚಿತ್ರಕ್ಕೆ ಮಾತ್ರ ಅನ್ವಯಿಸುವ ಒಂದು ಪ್ರಶ್ನೆಯನ್ನು ಕೇಳುತ್ತೇನೆ. ಚೆನ್ನಾಗಿದೆ ಎಂದು ಮಾತ್ರ ಬರೆದು ಮುಗಿಸುವುದನ್ನು ನಾನು ಅಗೌರವವೆಂದೇ ಎಣಿಸುತ್ತೇನೆ. ಹತ್ತಾರು ದೋಷಗಳನ್ನು ಒಟ್ಟಿಗೆ ಎತ್ತಿ ತೋರಿಸುವುದೂ ಅದಕ್ಕಿಂತ ಉತ್ತಮವಾದ ನಡೆಯಲ್ಲ, ಮೊದಲ ಪತ್ರಕ್ಕೇ ಅಂಥ ಉತ್ತರ ಪಡೆದ ಇಬ್ಬರು ಮತ್ತೆ ಬರೆಯದೆ ಹೋದದ್ದನ್ನು ನಾನು ಕಂಡಿದ್ದೇನೆ.

ಕಳೆದ ತಿಂಗಳು ಬಂದ ಪರಿಚಯವೊಂದರಲ್ಲಿ ಇದ್ದದ್ದು ಒಂದೇ ವಾಕ್ಯ: "ನನ್ನ ಬಳಿ ಕ್ಯಾಮೆರಾ ಇಲ್ಲ, ಮೊಬೈಲ್ ಇದೆ, ಸೇರಬಹುದೇ?" ಜೊತೆಗಿದ್ದ ಚಿತ್ರ, ಮಳೆಯಲ್ಲಿ ಬಸ್ಸಿನ ಕಿಟಕಿಯ ಗಾಜಿನ ಮೂಲಕ ತೆಗೆದದ್ದು. ಗಾಜಿನ ಮೇಲಿನ ಹನಿಗಳು ಒಂದೊಂದಾಗಿ ಸ್ಪಷ್ಟವಾಗಿದ್ದವು. ಹೊರಗೆ ಕೊಡೆ ಹಿಡಿದು ನಿಂತವರೊಬ್ಬರು ಬಣ್ಣದ ಒಂದು ಕಲೆಯಾಗಿ ಕರಗಿದ್ದರು. ಕಡತದಲ್ಲಿ ಸ್ಥಳದ ವಿವರ ಉಳಿದಿತ್ತು. ಅದನ್ನು ಅಳಿಸುವ ಕ್ರಮವನ್ನು ಅವರಿಗೆ ಖಾಸಗಿಯಾಗಿ ತಿಳಿಸಿ, ನಮ್ಮಲ್ಲಿದ್ದ ಪ್ರತಿಯನ್ನು ತೆಗೆಸಿದೆ. ಆಮೇಲೆ, ನಿಮಗೆ ಸ್ಪಷ್ಟವಾಗಿ ಬೇಕಾಗಿದ್ದದ್ದು ಹನಿಗಳೇ, ಹೊರಗೆ ನಿಂತವರೇ ಎಂದು ಕೇಳಿದೆ. ಎರಡೂ ಬೇಕಾಗಿತ್ತು, ಆಗಲಿಲ್ಲ ಎಂದು ಉತ್ತರ ಬಂತು. ಮೊಬೈಲಿನ ಪರದೆಯಲ್ಲಿ ಬೇಕಾದ ಜಾಗವನ್ನು ಒತ್ತಿ ಹಿಡಿದು ಫೋಕಸನ್ನು ಅಲ್ಲಿಯೇ ನಿಲ್ಲಿಸಿಕೊಳ್ಳುವುದು ಹೇಗೆಂದೂ, ಗಾಜಿನಿಂದ ಸ್ವಲ್ಪ ಹಿಂದೆ ಸರಿದರೆ ಹನಿಗೂ ಹೊರಗಿನವರಿಗೂ ನಡುವಿನ ಸ್ಪಷ್ಟತೆಯ ಅಂತರ ಕಡಿಮೆಯಾಗುತ್ತದೆಂದೂ, ಮುಂದಿನ ಮಳೆಗೆ ಎರಡು ಬಗೆಯಲ್ಲಿಯೂ ತೆಗೆದು ನೋಡಬೇಕೆಂದೂ ಬರೆದೆ. ನಿನ್ನೆ ಅವರಿಂದ ಮೂರು ಚಿತ್ರಗಳು ಬಂದಿವೆ. ಮೂರನೆಯದರಲ್ಲಿ ಕೊಡೆಯ ಕಡ್ಡಿಗಳನ್ನು ಎಣಿಸಬಹುದು.